ಕಂಬಿಯ ಮೇಲಿನ ಕೈಗವಸು

ಯಾರೋ ಅದನ್ನು ಹಿಮದಿಂದ ಎತ್ತಿ ಕಿಟಕಿಯಾಚೆ ಗ್ರಂಥಾಲಯದ ಮೆಟ್ಟಿಲ ಕಂಬಿಯ ತುದಿಗೆ ಸಿಕ್ಕಿಸಿದ್ದಾರೆ, ಒಡತಿ ಹುಡುಕಿಕೊಂಡು ಬಂದರೆ ಕಾಣಲಿ ಎಂದು, ಬೂದು ಉಣ್ಣೆಯ ಒಂಟಿ ಕೈಗವಸು, ಸಹಿ ಹಾಕಲು ಬಂದಿದ್ದ ಅಜ್ಜಿಯದೇ, ಈಗಷ್ಟೇ ನನ್ನ ಮೇಜಿನ ಮೇಲಿತ್ತು, ಪೆನ್ನು ಹಿಡಿಯಲೆಂದು ಕಳಚಿಟ್ಟಿದ್ದಳು — ಗುನ್ವೋರ್, ಕೇಳಿಸ್ಕೋತಾ ಇದೀಯಾ, ಇಲ್ಲಿ ಕನ್ನಡಕ ಸಿಕ್ರೆ ಮತ್ತೆ ಹೊಲೀತಾರೆ ಅಂತ ಬೇಡ, ಹೊಲಿಯೋ ಸಾಧ್ಯತೆ ಹೆಚ್ಚು ಅಂತ ಹಾಕೋಣ — ಕೇಳಿಸಿಕೊಂಡೆ ಔದುನ್, ಬೆಳಗಿನಿಂದ ಅದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ, ಒಂದು ಪೋಸ್ಟರ್, ಒಂದು ವಾಕ್ಯ, ಹನ್ನೊಂದನೇ ಸಲ ತಿದ್ದುತ್ತಿದ್ದೇವೆ, ಗ್ರಂಥಾಲಯದವರು ಈ ಮೇಜು ಕೊಟ್ಟಿರುವುದು ಮೂರು ಗಂಟೆಯವರೆಗೆ ಮಾತ್ರ, ಆಫ್ರಿಕಾದ ಮಲಾವಿಯ ಹೊಲಿಗೆಯವರಿಗೆ ತಿಂಗಳಿಗೊಂದು ಕನ್ನಡಕದ ಹಣ ಕೊಡುತ್ತೇನೆಂದು ಇಪ್ಪತ್ತು ಜನ ಸಹಿ ಹಾಕಿದರೆ ವಸಂತದಲ್ಲಿ ಕಣ್ಣಿನ ಶಿಬಿರ, ಇಲ್ಲದಿದ್ದರೆ ಇಲ್ಲ, ಹಾಳೆಯಲ್ಲಿರುವುದು ನಾಲ್ಕು ಹೆಸರು, ಅದರಲ್ಲೊಂದು ನನ್ನದು, ಒಂದು ಔದುನನದು, ಥೂ.

ಅವನನ್ನು ಬೈದು ಏನು ಪ್ರಯೋಜನ, ಹೋದ ವರ್ಷ ನಾನೇ ಹಿಂದೆ ಮುಂದೆ ನೋಡದೆ ಬರೆದಿದ್ದೆ, ಒಂದು ಕನ್ನಡಕ ಒಂದು ಸಂಸಾರವನ್ನೇ ಬಡತನದಿಂದ ಎತ್ತುತ್ತದೆ, ಎಷ್ಟು ಚೆನ್ನಾಗಿತ್ತು, ಎಷ್ಟು ಸುಳ್ಳು, ಊರಿನ ಪತ್ರಿಕೆಯವಳು ಫೋನ್ ಮಾಡಿ ಇದಕ್ಕೆ ಆಧಾರ ಎಲ್ಲಿದೆ ಅಂತ ಕೇಳಿದಳು, ಆಧಾರವಿಲ್ಲವೆಂದು ಪತ್ರಿಕೆಯಲ್ಲಿ ಬರೆದಳು, ಕೊಡುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಕೈಬಿಟ್ಟರು, ಆಮೇಲೆ ನಮ್ಮ ಸಂಘದ ಮಾತಿಗೆ ಒಂದಿಷ್ಟು ಬೆಲೆ ಬಂದದ್ದು ಇದೇ ಔದುನನ ಕೂದಲು ಸೀಳುವ ಬುದ್ಧಿಯಿಂದ, ಸರಿ, ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ, ಹೊರಗೆ ಕೈಗವಸಿನ ಹೆಬ್ಬೆರಳು ಪಕ್ಕಕ್ಕೆ ಚಾಚಿದೆ, ಅಜ್ಜಿ ದಪ್ಪ ಕನ್ನಡಕ ಹಾಕಿದ್ದರೂ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದಳು, ಎಷ್ಟು ನೇರವಾಗಿ ಕೇಳಿದಳು, ಇದು ಕೊಟ್ರೆ ಅವ್ರಿಗೆ ಮತ್ತೆ ಸೂಜಿಗೆ ದಾರ ಪೋಣ್ಸೋಕೆ ಆಗತ್ತೇನಮ್ಮಾ, ಆಗತ್ತೆ ಅಜ್ಜಿ ಎಂದಿದ್ದರೆ ಮುಗಿದಿತ್ತು, ಅದು ನಿಜವೂ ಹೌದು, ಔದುನ್ ಕೂಡ ತಿದ್ದುತ್ತಿರಲಿಲ್ಲ, ನಾನು ಏನಂದೆ, ಸರಾಸರಿ ನೋಡಿದ್ರೆ, ಕೆಲವು ಸಂದರ್ಭಗಳಲ್ಲಿ, ಇನ್ನೂ ದೊಡ್ಡ ಅಧ್ಯಯನ ಆಗ್ಬೇಕು — ಓಹೋ, ನಿಮಗೇ ಗೊತ್ತಿಲ್ಲ ಅನ್ನಿ, ಎಂದು ನಕ್ಕಳು, ಪೆನ್ನನ್ನು ಹಾಳೆಯ ಪಕ್ಕ ಮೆಲ್ಲಗೆ ಇಟ್ಟು, ಕೈಗವಸನ್ನು ಜೇಬಿಗೆ ತುರುಕಿಕೊಂಡು ಹೋದಳು, ಮೆಟ್ಟಿಲ ಬಳಿ ಬಿದ್ದಿರಬೇಕು, ಮೂರಕ್ಕೆ ಇನ್ನು ಹತ್ತು ನಿಮಿಷ, ಓಡಿದರೆ ಬಸ್ ನಿಲ್ದಾಣದಲ್ಲಿ ಸಿಗಬಹುದು — ಎಲ್ಲಿಗೆ ಹೊರಟೆ, ಈ ವಾಕ್ಯ ಮುಗಿಸೋಣ — ಮುಗಿಸು ಮಾರಾಯ, ನೀನೇ ಮುಗಿಸು — ಬಾಗಿಲು, ಚಳಿ, ನಿಲ್ದಾಣ ಖಾಲಿ, ಬಸ್ ಹೋಗಿದೆ, ಕೈಗವಸನ್ನು ಕಂಬಿಯಿಂದ ತೆಗೆದು ಹಿಮ ಕೊಡವುತ್ತೇನೆ, ಎಂಥ ಹೆಣಿಗೆ, ಒಂದು ಕುಣಿಕೆಯೂ ತಪ್ಪಿಲ್ಲ, ಯಾವ ಕಾಲದಲ್ಲಿ ಹೆಣೆದದ್ದೋ, ಹೆಬ್ಬೆರಳು ಮಾತ್ರ ಹೊಸದು, ಬೇರೆ ನೂಲು, ಸಾಲು ಸಾಲೂ ತಪ್ಪು, ನಡುವೆ ತೂತು, ಕಣ್ಣು ಕಾಣದೆ ತಡಕಾಡುತ್ತಾ ಅವಳೇ ಹೆಣೆದದ್ದು, ಆಗತ್ತೇನಮ್ಮಾ ಎಂದು ಕೇಳಿದ್ದಳು, ಮತ್ತೆ ಕಂಬಿಗೆ ಸಿಕ್ಕಿಸಬೇಕು, ಕೈ ಬರುತ್ತಿಲ್ಲ, ಈ ಸೊಟ್ಟ ಹೆಬ್ಬೆರಳು, ಈ ಸೊಟ್ಟ ಹೆಬ್ಬೆರಳು