ನಲವತ್ತು ಸೆಕೆಂಡು ತಡ

ಅಪ್ಪ ಮನೆಯಲ್ಲಿ ಯಾವ ನಲ್ಲಿ ತಿರುಗಿಸಬೇಕಾದರೂ ಮೊದಲು ಒಂದು ಕೂಗು ಹಾಕುತ್ತಿದ್ದರು: "ಒಳಗೆ ಯಾರಾದ್ರೂ ಇದ್ದೀರಾ?" ಗಿಡಗಳಿಗೆ ನೀರು ಬಿಡುವಾಗಲೂ ಅದೇ ರಾಗ. "ಟೊಮ್ಯಾಟೊ ಗಿಡದೊಳಗೆ ಯಾರಿರ್ತಾರ್ರೀ, ನಿಮ್ಮ ತಲೆ!" ಎಂದು ಅಮ್ಮ ರೇಗುತ್ತಿದ್ದಳು. ಮಗಳು ಕೇಳಿದರೆ, "ಹಡಗಿನ ಅಭ್ಯಾಸ ಕಣಮ್ಮ" ಎಂದು ಜಾರಿಕೊಳ್ಳುತ್ತಿದ್ದರು. ಹಡಗಿನಲ್ಲಿ ಅವರು ಸೌಟು ಹಿಡಿದವರು. ಸೌಟು ಹಿಡಿದವರಿಗೆ ಇದೆಂಥ ಅಭ್ಯಾಸವೋ!

ಈಗ ಆ ಹಡಗೇ ಮಗಳ ಕೈಗೆ ಬಂದಿತ್ತು. ಇಪ್ಪತ್ತೊಂಬತ್ತು ವರ್ಷ ದುಡಿದ ಡಿಸ್ಟ್ರಾಯರ್ ಯುದ್ಧನೌಕೆಯನ್ನು ದಕ್ಕೆಗೆ ಕಟ್ಟಿ ಸಂಗ್ರಹಾಲಯ ಮಾಡುತ್ತಿದ್ದರು. ಫಲಕ ಬರೆಯುವ ಕೆಲಸ ಅವಳದು. ಮುಂದೆ ದೊಡ್ಡ ಫಿರಂಗಿ, ನಡುವೆ ಹದಿನಾರು ಕ್ಷಿಪಣಿ ಕೊಳವೆ, ಎರಡೂ ಮಗ್ಗುಲಿಗೆ ಟಾರ್ಪೆಡೊ. ಇಷ್ಟೆಲ್ಲ ಹೊತ್ತು ತಿರುಗಿಯೂ ಈ ಮಹಾನುಭಾವ ಒಂದೇ ಒಂದು ಶತ್ರು ಹಡಗನ್ನು ಮುಳುಗಿಸಿರಲಿಲ್ಲ! ಎರಡು ಚಂಡಮಾರುತಗಳಲ್ಲಿ ಜನರನ್ನು ಎತ್ತಿ ತಂದಿತ್ತು, ಕಡಲ್ಗಳ್ಳರನ್ನು ಅಟ್ಟಿತ್ತು. ಹನ್ನೊಂದನೆಯ ವರ್ಷ ಒಂದು ಬೆಂಕಿ ಬಿದ್ದಿತ್ತು.

ಆ ಬೆಂಕಿಯ ವರದಿ ಓದುತ್ತ ಅವಳು ಕುರ್ಚಿಯ ತುದಿಗೆ ಬಂದಳು. ಅಪಾಯದ ಗಂಟೆ ಹೊಡೆದರೆ ಅಡುಗೆಯವರಿಗೂ ಒಂದು ಕಾವಲಿನ ಜಾಗ ಇರುತ್ತದಂತೆ. ಅಪ್ಪನ ಜಾಗ ಮದ್ದುಗುಂಡಿನ ಕೋಣೆಯ ಹೊರಗಿನ ಕೆಂಪು ಚಕ್ರ. ಅದನ್ನು ತಿರುಗಿಸಿದರೆ ಸಮುದ್ರದ ನೀರು ನುಗ್ಗಿ ಕೋಣೆ ಮುಳುಗುತ್ತದೆ. ತಿರುಗಿಸದಿದ್ದರೆ ಬೆಂಕಿ ಮದ್ದಿಗೆ ತಗುಲಿ ಇಡೀ ಹಡಗೇ ಸಿಡಿದು ಚೂರು. ವರದಿ ಹೇಳುತ್ತಿತ್ತು: "ಅಪ್ಪಣೆಯಾದ ಮೇಲೆ ನಲವತ್ತು ಸೆಕೆಂಡು ತಡವಾಗಿ ಚಕ್ರ ತಿರುಗಿಸಲಾಗಿದೆ. ಕಾರಣ ದಾಖಲಾಗಿಲ್ಲ."

ಸಂಗ್ರಹಾಲಯದ ಮುಖ್ಯಸ್ಥರು ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ, ಅದಕ್ಕೇ ಎಲ್ಲರಿಗೂ ಕತ್ತರಿ ಸಾಹೇಬರು. "ಅಡುಗೆಯವನ ನಿರ್ಲಕ್ಷ್ಯದಿಂದ ತಡವಾಯ್ತು ಅಂತ ಬರೀರಿ. ಜನಕ್ಕೆ ಇಂಥದ್ದೇ ರುಚಿಸೋದು" ಎಂದರು.

"ಸಾರ್, ಅವರು ನಮ್ಮ..."

"ನಾಳೆ ಬೆಳಗ್ಗೆ ಅಚ್ಚಿಗೆ ಹೋಗ್ಬೇಕು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉದ್ಘಾಟನೆಗೆ ಬನ್ನಿ ಎಂದು ಅಪ್ಪನಿಗೆ ದುಂಬಾಲು ಬಿದ್ದವಳೂ ಅವಳೇ! ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅಪ್ಪಾ, ಆ ನಲವತ್ತು ಸೆಕೆಂಡು ಏನ್ಮಾಡ್ತಿದ್ರಿ?"

ಹುರುಳಿಕಾಯಿ ಹೆಚ್ಚುತ್ತಿದ್ದ ಚಾಕು ನಿಂತಿತು.

"ಕೂಗ್ತಿದ್ದೆ," ಎಂದರು ಅಪ್ಪ. "ಒಳಗೆ ಆರು ಜನ ಇದ್ರು ಕಣೇ. ಹೊಗೇಲಿ ಬಾಗಿಲು ಕಾಣ್ತಿರಲಿಲ್ಲ ಅವರಿಗೆ. ಒಳಗೆ ಯಾರಿದ್ರೂ ತಿರುಗಿಸಲೇಬೇಕು, ಅದು ನಿಯಮ. ಕೈ ಬರ್ಲಿಲ್ಲ. ಕೂಗ್ತಾನೇ ಇದ್ದೆ, ದನಿ ಹಿಡ್ಕೊಂಡು ಒಬ್ಬೊಬ್ಬರೇ ತೆವಳಿಕೊಂಡು ಬಂದ್ರು. ಆರನೆಯವನ ಕಾಲು ಹೊಸ್ತಿಲು ದಾಟಿದ ಮೇಲೆ ತಿರುಗಿಸ್ದೆ."

"ಹೇಳ್ಬಾರ್ದಿತ್ತಾ?"

"ಏನಂತ? ಆರು ಜನಕ್ಕೋಸ್ಕರ ಇನ್ನೂರೈವತ್ತು ಜೀವ ಪಣಕ್ಕಿಟ್ಟೆ ಅಂತಾನಾ? ಆ ಆರು ಜನಾನೂ ಬಾಯಿ ಬಿಡ್ಲಿಲ್ಲ. ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ಗೊತ್ತಿಲ್ಲಮ್ಮ ನಂಗೆ. ನಿರ್ಲಕ್ಷ್ಯ ಅಂತಾನೇ ಬರ್ಕೋ."

"ಸತ್ರೂ ಬರೆಯಲ್ಲ!" ಎಂದಳು ಮಗಳು. ಅವಳಿಗೆ ಅಳು ಬಂದಿತ್ತು. ಅಲ್ಲೇ ಕೂತು ಎರಡು ಸಾಲು ಬರೆದು ತೋರಿಸಿದಳು. ಅಪ್ಪ ಎರಡು ಸಲ ಓದಿದರು. "ತಡ ಆಗಿದ್ದೂ ನಿಜ, ಅವರು ಬಂದಿದ್ದೂ ನಿಜ. ಹೋಗ್ಲಿ, ಹಾಕು."

ಬೆಳಗ್ಗೆ ಕತ್ತರಿ ಸಾಹೇಬರು ಸಾಕ್ಷಿ ಕೇಳಿದರು. ಅವಳು ವರದಿಯ ಕೊನೆಯ ಹಾಳೆ ಮುಂದಿಟ್ಟಳು: ಹೊಗೆ ಕುಡಿದು ಚಿಕಿತ್ಸೆ ಪಡೆದವರು ಆರು, ಸತ್ತವರು ಯಾರೂ ಇಲ್ಲ. ಸಾಹೇಬರು ಪೂರ್ತಿ ಓದಿ ಸಹಿ ಹಾಕಿದರು.

ಉದ್ಘಾಟನೆಯ ದಿನ ಅಮ್ಮ ಕನ್ನಡಕ ಸರಿಮಾಡಿಕೊಂಡು ಫಲಕ ಓದಿದಳು. "ಅಪ್ಪಣೆಗೂ ನೀರಿಗೂ ನಡುವೆ ನಲವತ್ತು ಸೆಕೆಂಡು. ಅಷ್ಟರಲ್ಲಿ ಒಳಗಿದ್ದ ಆರೂ ಜನ ಹೊರಗೆ ಬಂದರು." ಓದಿ ಮುಗಿಸಿ ಅಪ್ಪನತ್ತ ತಿರುಗಿ ನೋಡಿದಳು.

ಫೋಟೊಕ್ಕಾಗಿ ಚಕ್ರ ತಿರುಗಿಸಿ ಎಂದು ಸಾಹೇಬರು ಅಪ್ಪನನ್ನು ಕರೆದರು. ಅಪ್ಪ ಚಕ್ರದ ಮೇಲೆ ಕೈಯಿಟ್ಟರು. ಬಾಗಿಲಿನತ್ತ ಕತ್ತು ಚಾಚಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗಿಯೇಬಿಟ್ಟರು. ಬಂದಿದ್ದವರು ಕಿಸಕ್ಕೆಂದರು.

ಅಮ್ಮ ಮಾತ್ರ ನಗಲಿಲ್ಲ. ಹತ್ತಿರ ಹೋಗಿ ಅವರ ತೋಳು ಹಿಡಿದಳು.

"ಯಾರೂ ಇಲ್ಲ ರೀ. ಎಲ್ಲಾರೂ ಬಂದಾಯ್ತು. ತಿರುಗಿಸಿ."