ಮಲ್ಲಿ ಇಟ್ಟ ಎಡಗಾಲು

ಎಡಗಾಲು ರೀ, ಎಡಗಾಲೇ ಇಟ್ಟಿದ್ದು, ನನ್ನ ಕಣ್ಣಾರೆ ನೋಡೀನಿ — ಹಿಂದಿನ ಸೀಟಿನಿಂದ ಈ ಮಾತು ಬಂದು ಕಿವಿಗೆ ಬಿದ್ದಾಗ ಬಸ್ಸು ಇನ್ನೂ ಶಿಕಾರಿಪುರದ ಕಡೆಯ ಮನೆಗಳನ್ನು ದಾಟುತ್ತಿತ್ತು, ಬೆಳಗಿನ ಬಿಸಿಲು ಕಿಟಕಿಯ ಕಂಬಿಗಳ ನಡುವೆ ನನ್ನ ಮಡಿಲ ಮೇಲೆ ಕುಣಿಯುತ್ತಿತ್ತು, ಯಾರದೋ ಬುಟ್ಟಿಯ ಕೊತ್ತಂಬರಿ ಸೊಪ್ಪಿನ ವಾಸನೆ, ಯಾರ ಕಾಲು, ಎಲ್ಲಿಟ್ಟದ್ದು ಎಂದು ಅರೆಮನಸ್ಸಿನಲ್ಲಿ ಕೇಳಿಸಿಕೊಳ್ಳುತ್ತಿದ್ದವಳಿಗೆ ತಟ್ಟನೆ ಹೊಳೆಯಿತು, ಅದು ನನ್ನ ಕಾಲು, ನಿನ್ನೆ ಭಾನುವಾರ ಮಧ್ಯಾಹ್ನದ ಆಟದಲ್ಲಿ ನಾನೇ ಇಟ್ಟ ಕಾಲು. ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ, ಎಳೆದುಕೊಳ್ಳಬೇಕಾಗೇ ಇರಲಿಲ್ಲ, ಬಣ್ಣವಿಲ್ಲದ ಈ ಮುಖವನ್ನು ಯಾರು ಗುರುತಿಸುತ್ತಾರೆ, ಚೌರಿಯಿಲ್ಲ, ಹೂವಿನ ಬುಟ್ಟಿಯಿಲ್ಲ, ಮೂವತ್ತೆಂಟು ದಾಟಿದ ಮಾಸ್ತಮ್ಮ, ಒಂದು ಟ್ರಂಕು ಹಿಡಿದು ಸೊರಬದ ಅಕ್ಕನ ಮನೆಗೆ ಹೊರಟವಳು, ನಾಟಕ ಕಂಪನಿ ಬಿಟ್ಟವಳು, ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಬಂದು ಕೂತವಳು. ಹೇಳಬೇಕೆಂದರೂ ಆಗುತ್ತಿರಲಿಲ್ಲ, ದಾವಣಗೆರೆಯ ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ, ಹೆದರಬೇಡಮ್ಮ, ಕೆಟ್ಟ ಕಾಯಿಲೆ ಅಲ್ಲ, ವರ್ಷಗಟ್ಟಲೆ ಕೂಗಿ ಗಂಟು ಕಟ್ಟಿದೆ, ಆರು ತಿಂಗಳು ಪಿಸುಮಾತೂ ಬೇಡ, ನಾಟಕ ಮಾತ್ರ ಇನ್ನು ಮರೆತುಬಿಡು ಎಂದಿದ್ದರು, ಬದುಕಿದೆ ಎಂದುಕೊಂಡೆ ಅವತ್ತು, ಮೆಟ್ಟಿಲಿಳಿಯುವಾಗ ಕಾಲು ಹಗುರವಾಗಿತ್ತು, ಕೆಳಗೆ ಬಂದಮೇಲೆ ನಾನು ಆಡುವ ಮಲ್ಲಿ ನೆನಪಾದಳು, ಅವಳಿಗೇನು ಹೇಳುವುದು, ಅವಳನ್ನು ಬರೆದ ಮೇಷ್ಟ್ರಿಗೇನು ಹೇಳುವುದು, ಒಂದೇ ಒಂದು ಆಟ ಆಡಿ ಬಿಡುತ್ತೇನೆಂದು ಕೈಸನ್ನೆಯಲ್ಲೇ ಬೇಡಿಕೊಂಡೆ, ಕಂಪನಿಯವರು ಕರಪತ್ರ ಹಂಚಿದರು, ಮಲ್ಲಿಯ ಕಡೆಯ ಆಟ.

ಆರು ವರ್ಷ ಮಲ್ಲಿಯಾಗಿದ್ದೆ. ಹೂ ಮಾರುವವಳು, ಬಾಯಿಬಡುಕಿ, ರಾಜ ಚಂದ್ರಸೇನನಿಗೆ ಜೊತೆಗಾತಿ, ಇಬ್ಬರೂ ಪಾಳುಗುಡಿಯ ಕಲ್ಲಿನ ಬಾಗಿಲು ದಾಟಿ ಕಾಲದಿಂದ ಕಾಲಕ್ಕೆ ಹೋಗುತ್ತಿದ್ದರು, ಬಲಗಾಲಿಟ್ಟು ಹೊಸ್ತಿಲು ದಾಟಿದರೆ ಮುಂದೆ ಬರುವ ಕಾಲ, ಎಡಗಾಲಿಟ್ಟು ದಾಟಿದರೆ ಆಗಿಹೋದ ಕಾಲ, ಮಹೇಶ್ವರಪ್ಪ ಮೇಷ್ಟ್ರು ಹಾಕಿದ ಲೆಕ್ಕ ಅಷ್ಟೇ, ಸುಲಭವಿರಲಿ, ಹಿಂದಿನ ಸಾಲಿನವರಿಗೂ ತಿಳಿಯಲಿ ಎನ್ನುತ್ತಿದ್ದರು, ಆ ಸಾಲಿನವರು ನಮ್ಮ ಪಾದವನ್ನೇ ನೋಡುತ್ತಿದ್ದರೆಂದು ಆಗ ನಮಗೆ ಗೊತ್ತಿರಲಿಲ್ಲ. ಕಡೆಯ ಆಟಕ್ಕೆಂದು ಮೇಷ್ಟ್ರು ಹೊಸ ಅಂಕ ಬರೆದರು, ಶತ್ರು ಬಿಟ್ಟ ಬಾಣಕ್ಕೆ ಮಲ್ಲಿ ಎದೆಯೊಡ್ಡಿ ರಾಜನ ತೊಡೆಯ ಮೇಲೆ ಸಾಯಬೇಕು, ಮೂರು ಪುಟದ ಮಾತು, ತಿಂಗಳೆಲ್ಲ ತಿದ್ದಿದ್ದರು, ನನಗೆ ಓದಿ ಹೇಳುವಾಗ ಎರಡು ಸಲ ಎದ್ದು ಹೊರಗೆ ಹೋಗಿ ಮೂಗು ಸೀಟಿ ಬಂದರು, ಮಾಸ್ತಮ್ಮ, ಇದು ನಾನು ನಿನಗೆ ಕೊಡೋ ಉಡುಗೊರೆ ಕಣಮ್ಮ ಎಂದರು. ಉಳಿದ ಅಂಕಗಳನ್ನು ಹೇಗೋ ದಾಟಿ, ಅಲ್ಲಿಗೆ ಬಂದು ದೊರೆಯೇ ಎಂದೆ ನಿನ್ನೆ, ಅಷ್ಟೇ, ದೊರೆಯೇ ಎಂಬುದರ ಆಚೆ ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ, ಇನ್ನೊಮ್ಮೆ ಬಾಯಿ ತೆರೆದೆ, ಮತ್ತೆ ಗಾಳಿ, ರಾಜನಾಗಿದ್ದ ಜಟ್ಟಪ್ಪನ ಕಣ್ಣು ಅಗಲವಾಯಿತು, ಹೇಳಕ್ಕ ಎಂದು ತುಟಿಯಲ್ಲೇ ಅಂದ, ಪರದೆಯ ಪಕ್ಕದಿಂದ ಮೇಷ್ಟ್ರು ಸಾಲು ಹೇಳಿಕೊಡುತ್ತಿದ್ದಾರೆ, ನನಗೆ ಗೊತ್ತಿದೆ ಸಾಲು, ಮೂರು ಪುಟವೂ ಗೊತ್ತಿದೆ, ಎಷ್ಟೊಂದು ಮುಖಗಳು, ಡೇರೆಯೊಳಗೆ ಒಬ್ಬರ ಕೆಮ್ಮೂ ಇಲ್ಲ, ಜಟ್ಟಪ್ಪನ ಕೆನ್ನೆ ಮುಟ್ಟಿದೆ, ಹೂವಿನ ಬುಟ್ಟಿಯನ್ನು ಅವನ ಕೈಗಿತ್ತೆ, ತಿರುಗಿ ಕಲ್ಲಿನ ಬಾಗಿಲಿನತ್ತ ನಡೆದೆ, ಓಡಿಹೋಗುವುದಕ್ಕೆ ಕಂಡದ್ದು ಅದೊಂದೇ ದಾರಿ, ಬಲಗಾಲಿಗೆ ಸೀರೆಯ ನೆರಿಗೆ ಸಿಕ್ಕಿಕೊಂಡಿತ್ತು, ಎಡಗಾಲು ಮುಂದೆ ಬಂತು, ಅಷ್ಟೇ ನಡೆದದ್ದು. ಅತ್ತ ಬಾಣ ಕಟ್ಟಿದ ದಾರ ಹಿಡಿದು ನಿಂತವನು ಹೊತ್ತಾಯಿತೆಂದು ಬಾಣ ಬಿಟ್ಟೇಬಿಟ್ಟ, ಅದು ಜಟ್ಟಪ್ಪನ ಎದೆಗೆ ಬಡಿದು ಟಣ್ಣೆಂದು ಕೆಳಗೆ ಬಿತ್ತು, ಅವನು ಬೀಳಬೇಕೋ ನಿಲ್ಲಬೇಕೋ ತಿಳಿಯದೆ ನಿಂತೇ ಇದ್ದ, ಪರದೆ ಇಳಿಯಿತು, ಚಪ್ಪಾಳೆ ಇಲ್ಲ. ಬಣ್ಣದ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ, ಎಷ್ಟೋ ಹೊತ್ತಿನ ಮೇಲೆ ಮೇಷ್ಟ್ರು ಬಂದು ಬಾಗಿಲು ತಟ್ಟಿದರು, ತೆಗೆಯಲಿಲ್ಲ.

ಇಟ್ಟಳು ರೀ ಉಚ್ಚಂಗಪ್ಪ, ಎಡಗಾಲೇ ಇಟ್ಟಳು ಅಂತ ಇಟ್ಕೊಳ್ರಿ — ಇದು ಇನ್ನೊಂದು ದನಿ, ದಪ್ಪ ದನಿ, ಬಟ್ಟೆ ಗಂಟು ಮಡಿಲಲ್ಲಿಟ್ಟುಕೊಂಡ ವ್ಯಾಪಾರಿ, ಶಿವಮೂರ್ತಪ್ಪ ಅಂತೆ — ಹಿಂದಿನ ಕಾಲಕ್ಕೆ ಹೋದಳು, ಹೋಗಿ ಏನು ಮಾಡ್ತಾಳೆ, ಆ ಶತ್ರು ಹುಟ್ಟದಂಗೆ ಮಾಡ್ತಾಳೆ, ಶತ್ರುನೇ ಇಲ್ಲ ಅಂದ್ರೆ ಬಾಣ ಎಲ್ಲಿಂದ ಬಂತು, ಬಾಣನೇ ಇಲ್ಲ ಅಂದ್ರೆ ಇವ್ಳು ಹೋಗಿದ್ದು ಯಾಕೆ, ಹೋಗಲಿಲ್ಲ ಅಂದ್ರೆ ಮತ್ತೆ ಬಾಣ ಬಂತಲ್ಲ, ಇದೇನು ಗಾಣದ ಎತ್ತು ಸುತ್ತಿದಂಗಾತಲ್ಲ ರೀ. ಅದಕ್ಕೆ ಆ ಮೊದಲ ದನಿಯ ಉಚ್ಚಂಗಪ್ಪ, ಟಪಾಲಿನ ಖಾಕಿ ಅಂಗಿ, ಕಿವಿಯ ಮೇಲೆ ಪೆನ್ಸಿಲು, ಓರೆಗಣ್ಣಲ್ಲಿ ನೋಡಿದೆ — ಶತ್ರುನ ಸುದ್ದಿಗೇ ಹೋಗಿಲ್ಲ ಅವ್ಳು, ಬಾಣ ಬಂದೇ ಬಂತು, ಟಣ್ ಅಂತಲ್ಲ, ಕೇಳಲಿಲ್ಲೇನು, ಅದು ತಾಗಿದ್ದು ತಾಯಿತಕ್ಕೆ, ರಾಜನ ಕೊರಳಾಗೆ ತಾಮ್ರದ ತಾಯಿತ ಐತಲ್ಲ, ಅದನ್ನ ಕಟ್ಟಿದ್ದು ಯಾರು ಹೇಳ್ರಿ. ಮೊದಲನೇ ಅಂಕದಾಗೆ, ರಾಜ ತೊಟ್ಟಿಲಾಗಿರುವಾಗ ಒಬ್ಬ ಮುದುಕಿ ಬರ್ತಾಳೆ, ಒಂದು ಮಾತಾಡಲ್ಲ, ಕೂಸಿನ ಕೊರಳಿಗೆ ತಾಯಿತ ಕಟ್ಟಿ ಹೋಗ್ತಾಳೆ, ಯಾರು ಅವ್ಳು, ಎಲ್ಲಿಂದ ಬಂದಳು, ಇಷ್ಟು ವರ್ಷ ನೋಡೀವಿ, ಯಾರಾದ್ರೂ ಕೇಳಿದ್ವಾ, ಅವ್ಳೇ ರೀ ಮಲ್ಲಿ, ಎಡಗಾಲಿಟ್ಟು ಹೋಗಿ, ರಾಜ ಹುಟ್ಟೋವರೆಗೂ ಕಾದು ಮುದುಕಿ ಆಗ್ಯಾಳೆ, ಅದಕ್ಕೇ ನಿನ್ನೆ ಬಾಯಿ ತೆರೆದ್ರೂ ಮಾತು ಹೊರಡಲಿಲ್ಲ, ಆ ಬಾಗಿಲ ಹತ್ರ ಹೋಗೋ ಮೊದ್ಲೇ ಅವ್ಳು ಆ ಮೂಗಿ ಮುದುಕಿ ಆಗ್ತಾ ಇದ್ಲು. ಅಯ್ಯೋ ದೇವರೇ, ಆ ಮುದುಕಿ ನಮ್ಮ ಅಡುಗೆಯ ಹುಲಿಯಮ್ಮ, ಒಂದು ಸಾಲೂ ಬಾಯಿಪಾಠ ಬರುವುದಿಲ್ಲವೆಂದು ಮೇಷ್ಟ್ರು ಅವಳ ಮಾತೆಲ್ಲ ಹೊಡೆದುಹಾಕಿದ್ದರು, ತಾಯಿತಕ್ಕೂ ಬಾಣಕ್ಕೂ ಸಂಬಂಧವೇ ಇರಲಿಲ್ಲ, ನಗು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ, ನಗುವುದನ್ನೂ ಡಾಕ್ಟರು ಬೇಡವೆಂದಿದ್ದರೋ ಏನೋ. ಶಿವಮೂರ್ತಪ್ಪ ಬಿಡಲಿಲ್ಲ, ಅಲ್ಲ ರೀ, ಅವ್ಳು ಹೋಗಿದ್ದು ನಿನ್ನೆ, ತಾಯಿತ ಮೊದ್ಲಿಂದಾನೂ ಐತೆ, ಯಾವುದು ಮೊದಲು, ಯಾವುದು ಆಮೇಲೆ. ಶಿರಾಳಕೊಪ್ಪ ಬಂತು, ಬಸ್ಸು ನಿಂತಿತು, ಬಳ್ಳಿಗಾವಿ ಕಡೆಯ ಮುದುಕಿಯೊಬ್ಬಳು ಹತ್ತಿ ನನ್ನ ಪಕ್ಕ ಕೂತಳು, ಬಾ ಬಸಕ್ಕ, ನೀನೂ ನಿನ್ನೆ ಆಟಕ್ಕೆ ಬಂದಿದ್ದಿ, ನೀನೇ ಹೇಳು, ಯಾವುದು ಮೊದಲು, ಎಂದ ಉಚ್ಚಂಗಪ್ಪ. ಬಸಕ್ಕ ಎಲೆಯಡಿಕೆ ಕೆನ್ನೆಗೊತ್ತಿಕೊಂಡು, ಬಿತ್ತಿದ್ದು ಮೊದ್ಲೋ ಬೆಳೆದಿದ್ದು ಮೊದ್ಲೋ ಅಂತ ಬೀಜನ ಕೇಳ್ತಾರೇನೋ, ನನಗಿರೋ ಚಿಂತಿ ಬ್ಯಾರೆ, ಅಷ್ಟು ವರ್ಷ ಅವ್ಳು ಒಬ್ಬಳೇ ಎಲ್ಲಿದ್ಲು, ಏನು ಉಂಡ್ಲು, ಯಾರಾದ್ರೂ ಒಂದು ಸೂರು ಕೊಟ್ರಾ ಅವ್ಳಿಗೆ, ಎಂದಳು, ಆಗ ಇಡೀ ಬಸ್ಸು ಆ ಮಾತಿಗೆ ಬಿದ್ದಿತು, ಯಾರೋ ಎಮ್ಮೆ ಕಟ್ಟಿಕೊಂಡಿದ್ದಳು ಅಂದರು, ಯಾರೋ ಹೂವನ್ನೇ ಮಾರಿ ಬದುಕಿದಳು ಅಂದರು, ಅವರೆಲ್ಲ ನನಗೊಂದು ಮನೆ ಕಟ್ಟುತ್ತಿದ್ದರು, ನಾನು ಅಲ್ಲೇ ಕೂತಿದ್ದೆ.

ಆದರೂ ಮುಳ್ಳೊಂದು ಉಳಿದಿತ್ತು, ಮೇಷ್ಟ್ರು, ಆ ಮೂರು ಪುಟ, ತೆಗೆಯದ ಬಾಗಿಲು. ನೀವೇನೋ ಹೇಳ್ತೀರಿ, ಬರೆದವ್ರು ಹಂಗೆ ಬರೆದ್ರಾ, ಎಂದು ಶಿವಮೂರ್ತಪ್ಪ ಕೇಳಿಯೇಬಿಟ್ಟ, ಉಚ್ಚಂಗಪ್ಪ ದನಿ ತಗ್ಗಿಸಿದ, ಆಟ ಬಿಟ್ಟಮೇಲೆ ಡೇರೆ ಹಿಂದೆ ಹೋಗಿ ಮೇಷ್ಟ್ರನ್ನೇ ಕೇಳ್ದೆ ರೀ, ಒಂದು ಪೆಟ್ಟಿಗೆ ಮೇಲೆ ಕೂತಿದ್ರು, ಸಾರ್, ಆ ಮುದುಕಿ ಮಲ್ಲಿ ಹೌದೋ ಅಲ್ಲೋ ಅಂದೆ, ಇನ್ನೊಂದು ಸಲ ಹೇಳಪ್ಪ ಅಂದ್ರು, ಹೇಳ್ದೆ, ಮತ್ತೊಂದು ಸಲ ಹೇಳು ಅಂದ್ರು, ಮತ್ತೂ ಹೇಳ್ದೆ, ಆಮೇಲೆ ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟು, ಹೌದಪ್ಪ, ಹಂಗೇ ಬರೆದಿದ್ದು, ಮಲ್ಲಿ ಒಂದು ಹೆಜ್ಜೆನೂ ತಪ್ಪಿಟ್ಟಿಲ್ಲ, ಇದನ್ನ ಎಲ್ಲರಿಗೂ ಹೇಳು ಅಂದ್ರು. ಸುಳ್ಳು ಮೇಷ್ಟ್ರೇ, ಹಸಿ ಸುಳ್ಳು, ಹರಿಶ್ಚಂದ್ರನ ಪಾರ್ಟು ಮಾಡಿದವರು ನೀವು, ಬಾಗಿಲು ತಟ್ಟಿದ್ದು ಬಯ್ಯುವುದಕ್ಕಲ್ಲ ಹಾಗಾದರೆ, ಇದನ್ನೇ ಹೇಳುವುದಕ್ಕೆ, ಸೊರಬಕ್ಕೆ ಹೋದ ಕೂಡಲೇ ಕಾಗದ ಬರೆಯುತ್ತೇನೆ, ಕೈಗೆ ಯಾವ ಡಾಕ್ಟರೂ ಅಡ್ಡಿ ಹೇಳಿಲ್ಲ, ಕಣ್ಣಲ್ಲಿ ನೀರು ಬಂದದ್ದು ಗೊತ್ತಾಗಲಿಲ್ಲ, ಎಷ್ಟು ಹೊತ್ತಿನಿಂದ ಬಿಗಿಹಿಡಿದಿದ್ದೆನೋ ಭುಜ ತಾನಾಗಿ ಇಳಿಯಿತು, ಹೊರಗೆ ಗದ್ದೆ, ಗದ್ದೆಯಾಚೆ ಕೊಕ್ಕರೆ, ಇನ್ನೊಂದು ಕೊಕ್ಕರೆ, ಬಸ್ಸು ಕುಲುಕುತ್ತಾ ಸಾಗಿದೆ, ಆಗ ಬಸಕ್ಕ ನನ್ನತ್ತ ತಿರುಗಿ, ನೀ ಏನಂತೀ ತಂಗಿ, ಸತ್ಲಾ, ಬದುಕಿದ್ಲಾ, ಎಂದು ಕೇಳಿದಳು. ಬಾಯಿ ತೆರೆದೆ, ಮುಚ್ಚಿದೆ, ಗಂಟಲು ಮುಟ್ಟಿ ಕೈಯಾಡಿಸಿದೆ, ಮಾತು ಬರಲ್ಲೇನೋ ಪಾಪ ಎಂದು ಯಾರೋ ಅಂದರು, ಬಸಕ್ಕ ಅನ್ನಲಿಲ್ಲ, ನನ್ನನ್ನೇ ನೋಡಿದಳು, ಹಣೆ, ಕಣ್ಣು, ಕಿವಿಯ ಪಕ್ಕ ಸರಿಯಾಗಿ ತೊಳೆಯದೆ ಉಳಿದ ಬಣ್ಣ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು ಅವಳ ನೋಟ, ತನ್ನ ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದಳು, ಬದುಕ್ಯಾಳೆ ಬಿಡ್ರೋ ಎಂದಷ್ಟೇ ಹಿಂದಿನವರಿಗೆ ಕೂಗಿ, ನನ್ನ ಕೈಯ ಮೇಲೆ ತನ್ನ ಕೈಯಿಟ್ಟಳು, ಮೊಣಕೈವರೆಗೆ ಹಸಿರು ಹಚ್ಚೆ, ಬೆರಳ ಗಂಟುಗಳ ಮೇಲೆ ಚುಕ್ಕಿ, ಉಗುರಿನಲ್ಲಿ ಮಣ್ಣು, ಈಗ ತೆಗೆಯುತ್ತಾಳೆ ಎಂದುಕೊಂಡೆ, ತೆಗೆಯಲಿಲ್ಲ, ಹಿಂದೆ ಅವರು ಇನ್ನೇನೋ ವಾದಿಸುತ್ತಿದ್ದಾರೆ, ಕೇಳುತ್ತಿಲ್ಲ, ಹಚ್ಚೆಯ ಕೈ, ಬೆಚ್ಚಗೆ, ಬಸ್ಸು ಎತ್ತಿಹಾಕಿದರೂ ಕದಲದೆ, ಆ ಹಸಿರು ಚುಕ್ಕಿಗಳು, ಆ ಕೈ, ನನ್ನ ಕೈಯ ಮೇಲೆ —