ಕೀಮ್ಯಾನ್ ಅಮಸಿದ್ದನ ಮೊಣಕೈ

ವಿಜಾಪುರ ಕಡೆಯ ಅಮಸಿದ್ದ ಹತ್ತೊಂಬತ್ತು ವರ್ಷದಿಂದ ಇಗತಪುರಿ ಘಾಟಿನಲ್ಲಿ ರೈಲ್ವೆ ಕೀಮ್ಯಾನ್ ಆಗಿದ್ದ. ದಿನಾ ಬೆಳಿಗ್ಗೆ ಹಳಿಗುಂಟ ನಡೆದು, ಹಳಿಯನ್ನು ಬಿಗಿಹಿಡಿಯುವ ಕೀಲಿಗಳು ಸಡಿಲಾಗಿದ್ದರೆ ಅವನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಅವನ ಕೆಲಸ. ೨೦೧೩ರ ಮಳೆಗಾಲದಲ್ಲಿ ಬಲಮೊಣಕೈಗೆ ನೋವು ಹತ್ತಿತು. ನಾಸಿಕದ ಡಾಕ್ಟರು ಅದನ್ನು ಟೆನಿಸ್ ಎಲ್ಬೋ ಅಂದಾಗ ಹೆಂಡತಿ ಹನುಮವ್ವ ನಕ್ಕುಬಿಟ್ಟಳು.

"ನೀವ್ ಯಾವಾಗ ಟೆನಿಸ್ ಆಡಿದ್ರಿ?"

ಪಟ್ಟಿ, ಮಾತ್ರೆ, ಸ್ಟಿರಾಯ್ಡ್ ಯಾವುದೂ ನಾಟಲಿಲ್ಲ. ತಮ್ಮೂರ ಕಡೆಯ ಡಾಕ್ಟರ್ ಮೃದುಲಾ ಔರಂಗಾಬಾದಿನಲ್ಲಿದ್ದಾರೆಂದು ಕೇಳಿ ಅಲ್ಲಿಗೆ ಹೋದ. ಅವರು ಅವನ ಎಡತೋಳಿನ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಗಾಯ ಮಾಯಿಸುತ್ತದೆಂದು ಮೇಲೆ ನಿಂತ ಹಳದಿ ನೀರನ್ನು ನೋಯುವ ಜಾಗಕ್ಕೇ ಚುಚ್ಚಿದರು.

"ಖಾತ್ರಿ ಹೇಳಂಗಿಲ್ರಿ. ಕೆಲವ್ರಿಗೆ ಹತ್ತತದ, ಕೆಲವ್ರಿಗೆ ಇಲ್ಲ. ಆರು ವಾರ ಸುತ್ತಿಗಿ ಮುಟ್ಟಬ್ಯಾಡ್ರಿ."

"ನನ್ನ ರಕ್ತಾನೇ ಅಲ್ರೀ ಮೇಡಂ, ಹತ್ತೇ ಹತ್ತತದ."

ರಜೆ ಹಾಕಿ ಕುಳಿತ. ಹನುಮವ್ವ ಅವನಿಗೆ ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಮೂರು ತಿಂಗಳಿಗೆ ಎರಡನೇ ಸೂಜಿಯೂ ಆಯಿತು. ನೋವು ಮಾತ್ರ ಜಗ್ಗಲಿಲ್ಲ. ಲೈನಿನ ಕೆಲಸ ಕೈತಪ್ಪೀತೆಂದು ಹೆದರಿ, ವಾಸಿಯಾಗಿದೆ ಅಂತ ಸುಳ್ಳು ಹೇಳಿ ಮರಳಿದ. ಯಾರೂ ಇಲ್ಲದ ಕಡೆ ಎಡಗೈಯಲ್ಲಿ ಬಡಿಯತೊಡಗಿದ.

ಒಂದು ಬೆಳಿಗ್ಗೆ ತಿರುವಿನಲ್ಲಿ ಸಾಲಾಗಿ ಐದಾರು ಕೀಲಿ ಸಡಿಲಾಗಿದ್ದವು. ಎಡಗೈ ಏಟಿಗೆ ಅವು ಕೂರಲಿಲ್ಲ. ಬಲಗೈಯಿಂದ ಬಡಿದ; ಎರಡನೇ ಏಟಿಗೇ ಸುತ್ತಿಗೆ ಜಾರಿ ಜಲ್ಲಿಯ ಮೇಲೆ ಬಿತ್ತು. ಇನ್ನರ್ಧ ತಾಸಿಗೆ ಪ್ಯಾಸೆಂಜರ್ ಗಾಡಿ ಬರುವುದಿತ್ತು. ಸುಮ್ಮನೆ ಮುಂದೆ ಹೋಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕಾಲು ಏಳಲಿಲ್ಲ. ತಮ್ಮ ಗ್ಯಾಂಗಿನ ಮೇಸ್ತ್ರಿ, ಮುಕಾದಮ್ ಲಾಲಸಾಬನಿಗೆ ಫೋನು ಹಚ್ಚಿದ.

"ಗಾಡಿ ನಿಂದ್ರಸೋ ಮಾರಾಯಾ. ಕೀಲಿ ಕೂಡವಲ್ವು. ನನ್ನ ಕೈಲೆ ಆಗವಲ್ದು."

ಕೆಂಪು ಬಾವುಟ ಹಿಡಿದು ತಿರುವಿನಾಚೆ ಓಡಿದ. ಗಾಡಿ ನಿಂತಿತು. ಲಾಲಸಾಬ ಆಳುಗಳೊಂದಿಗೆ ಬಂದು ಕೀಲಿಗಳನ್ನೆಲ್ಲ ಕೂರಿಸಿದ. ಅಮಸಿದ್ದನ ಮುಖ ಅವನು ನೋಡಲೇ ಇಲ್ಲ.

"ಮದಲಽ ಹೇಳಬೇಕಿತ್ತಲ್ಲೋ ಅಮಸಿದ್ದ," ಅಂದನಷ್ಟೇ.

ಸಾಹೇಬರ ಮುಂದೆ ಅಮಸಿದ್ದ ಎಲ್ಲವನ್ನೂ ಒಪ್ಪಿಕೊಂಡ. ತಪಾಸಣೆ ಮಾಡಿದ ರೈಲ್ವೆ ಡಾಕ್ಟರು ಲೈನಿನ ಕೆಲಸಕ್ಕೆ ಅವನು ಲಾಯಕ್ಕಿಲ್ಲವೆಂದು ಬರೆದರು.

"ಮತ್ತೊಮ್ಮೆ ಔರಂಗಾಬಾದಿಗೆ ಹೋಗೂಣೇನ್ರಿ?" ಹನುಮವ್ವ ಕೇಳಿದಳು.

"ಬ್ಯಾಡ. ಹತ್ತೂದಿದ್ರ ಎಂದೋ ಹತ್ತತಿತ್ತು."

ಅವನನ್ನು ಕಚೇರಿಯಲ್ಲಿ ಹಳೇ ಕಾಗದದ ಕೋಣೆಗೆ ಹಾಕಿದರು. ಯಾರಾದರೂ ಕೇಳಿದರೆ ಕಡತ ಇಳಿಸಿಕೊಡಬೇಕು. ಅದನ್ನೂ ಅವನು ಎಡಗೈಯಲ್ಲೇ ಇಳಿಸುತ್ತಿದ್ದ.